ಇನ್ನೂರ ಹದಿಮೂರು ಎಲೆ

ನೀಲಗಂಗಮ್ಮನವರ ಮಾಳಿಗೆಯ ಮೇಲೆ ಮೂರನೆಯ ಡ್ರೋನ್ ಬಂದು ಕುಳಿತ ಬೆಳಿಗ್ಗೆ ನಾನು ಅದೇ ಮನೆಯೊಳಗೆ ರೊಟ್ಟಿ ತಿನ್ನುತ್ತಿದ್ದೆ. ಫರಸಿ ಕಲ್ಲಿನ ಚಾವಣಿಯ ಮೇಲೆ ಯಾರೋ ಚಾಪೆ ಬಿಡಿಸಿದಂತಹ ಸದ್ದಾಯಿತು. ಸ್ವಲ್ಪ ಮಣ್ಣಿನ ಹುಡಿ ಉದುರಿ ನನ್ನ ತಾಟಿನ ಅಂಚಿಗೆ ಬಿದ್ದಿತು. ಒಲೆಯ ಮುಂದಿದ್ದ ನೀಲಗಂಗಮ್ಮನವರು ತಟ್ಟುವುದನ್ನು ನಿಲ್ಲಿಸಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಉಬ್ಬುವ ತನಕ ಕಾದು, ನನ್ನ ತಾಟಿಗೆ ಹಾಕಿದ ಮೇಲೆಯೇ ಕೇಳಿದರು:

“ಬೀಗರು ಬಂದ್ರೇನ್ರಿ, ಸರ?”

“ಬಂದ ಹಾಗಿದೆ.”

“ಉಂಡು ಏಳ್ರಿ. ಅವರಿಗೇನೂ ಅವಸರ ಇರೂದಿಲ್ಲ.”

ನಮ್ಮ ಊರಿನಲ್ಲಿ ಡ್ರೋನುಗಳನ್ನು ಬೀಗರು ಎನ್ನುತ್ತಾರೆ. ಎಲ್ಲ ದೇಶಗಳವೂ ಬರುತ್ತವೆ. ತಮ್ಮ ಕೆಲಸ ಮುಗಿದ ಮೇಲೆ ಯಾವುದಾದರೊಂದು ಮಾಳಿಗೆಯನ್ನು ಆರಿಸಿಕೊಂಡು ನಿಧಾನವಾಗಿ ಇಳಿದು ಕುಳಿತುಕೊಳ್ಳುತ್ತವೆ, ಮತ್ತೆ ಏಳುವುದಿಲ್ಲ. ಯಾವ ದೇಶವೂ ತನ್ನದನ್ನು ಮರಳಿ ಕೇಳಿಲ್ಲ. ದೇಶಗಳ ಹೆಸರುಗಳನ್ನು ನಮ್ಮ ಕಚೇರಿಯ ಕಾಗದಗಳಲ್ಲಿ ಬರೆಯುವ ಪದ್ಧತಿ ಇಲ್ಲ. ತಿರುಪುಗಳನ್ನು ಇಂಚಿನಲ್ಲಿ ಅಳೆಯುವುದು ಇಂಚಿನ ದೇಶ, ಮೈಯನ್ನು ತೆಳು ಹಲಗೆಯಿಂದ ಮಾಡುವುದು ಹಲಗೆಯ ದೇಶ, ಪ್ರತಿ ತಿರುಪಿನ ತಲೆಗೂ ಒಂದು ಚುಕ್ಕೆ ನೀಲಿ ಅರಗು ಹಚ್ಚುವುದು ನೀಲಿ ದೇಶ. ಹೀಗೆ ಹತ್ತೊಂಬತ್ತು ದೇಶಗಳಿಗೆ ಹತ್ತೊಂಬತ್ತು ಕಪಾಟುಗಳಿವೆ.

ಆ ಕಪಾಟುಗಳ ಬೀಗದ ಕೈ ನನ್ನಲ್ಲಿದೆ. ನಾನು ಈ ಊರಿನ ಪರೀಕ್ಷಕ. ಭೌತಶಾಸ್ತ್ರದಲ್ಲಿ ಪದವಿ ಪಡೆದವನು. ನನಗಿಂತ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಈ ಕೆಲಸ ಮಾಡುತ್ತಿದ್ದರು. ಅವರು ಮಾಳಿಗೆ ಹತ್ತಿ, ಬೀಗರ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, ಬಾಂಬು ತೂಗುಹಾಕುವ ಕೊಂಡಿಗಳನ್ನು ಎಣಿಸಿ ಇಳಿಯುತ್ತಿದ್ದರು. ನಾನು ಬಂದ ಮೇಲೆ ಮೂವತ್ತಾರು ಅಂಕಣಗಳ ನಮೂನೆಯೊಂದನ್ನು ಸಿದ್ಧಪಡಿಸಿದೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆಯ ಫಲ ಎರಡೇ ಬಗೆಯದು. ಬಂದದ್ದು ಸಂಶೋಧನೆಯ ಯಂತ್ರವಾದರೆ, ಅಂದರೆ ಮೋಡವನ್ನೋ ಬೆಟ್ಟವನ್ನೋ ಅಳೆಯಲು ಹೋಗಿದ್ದುದಾದರೆ, ಮನೆಯವರು ಕೇರಿಯ ಮಕ್ಕಳಿಗೆ ಶೇಂಗಾ ಬೆಲ್ಲ ಹಂಚುತ್ತಾರೆ. ಅದು ಕೊಂದು ಬಂದದ್ದಾದರೆ ಆ ಮನೆಗೆ ಹನ್ನೊಂದು ದಿನ ಸೂತಕ. ಒಲೆ ಹೊತ್ತಿಸುವಂತಿಲ್ಲ, ನೆರೆಯವರು ಊಟ ತಂದುಕೊಡುತ್ತಾರೆ. ಹನ್ನೊಂದನೆಯ ದಿನ ಅಡಿಗೆ ಮಾಡಿ, ಖಾಲಿಯಾದ ಒಂದೊಂದು ಕೊಂಡಿಗೆ ಒಂದೊಂದು ಎಲೆ ಹಾಕಿ ಬಡಿಸುತ್ತಾರೆ. ಸತ್ತವರು ಯಾರೆಂದು ತಿಳಿಯದ ಕಾರಣ ಇದರಲ್ಲಿ ಜಾತಿ ಮತಗಳ ಭೇದವಿಲ್ಲ. ಒಂದೇ ಮಾಳಿಗೆಯ ಮೇಲೆ ಕೊಂದು ಬಂದವು ಮೂರು ಸಲ ಇಳಿದರೆ, ಆ ಮನೆಯ ಚಾವಣಿಯನ್ನು ಕಿತ್ತುಹಾಕಬೇಕು. ಮನೆಯವರು ಊರ ಹೊರಗಿನ ಹಳೆಯ ಕಲ್ಲುಗಣಿಗೆ ಹೋಗಿ ಬಂಡೆಯ ಅಡಿಯಲ್ಲಿ ವಾಸ ಮಾಡಬೇಕು. ಅಂತಹ ಏಳು ಕುಟುಂಬಗಳು ಅಲ್ಲಿವೆ.

ನೀಲಗಂಗಮ್ಮನವರಿಗೆ ಐವತ್ತೆರಡು ವರ್ಷ. ಮನೆಯ ಮುಂದಿನ ಕೋಣೆಯೇ ಅವರ ಖಾನಾವಳಿ. ಕಲ್ಲು ಕೊರೆಯುವ ಕೆಲಸಗಾರರು, ಒಂಟಿ ಗಂಡಸರು, ದಿನಕ್ಕೆ ಅರವತ್ತು ಜನ ಅಲ್ಲಿ ಉಣ್ಣುತ್ತಾರೆ. ಹನ್ನೊಂದು ವರ್ಷಗಳ ಹಿಂದೆ ಆ ಮಾಳಿಗೆಗೆ ಹಲಗೆಯ ದೇಶದ್ದೊಂದು ಬಂದಿತ್ತು. ಎರಡು ಕೊಂಡಿ ಖಾಲಿ. ಎರಡು ವರ್ಷಗಳ ಹಿಂದೆ ನೀಲಿ ದೇಶದ್ದು ಬಂತು. ನಾಲ್ಕು ಕೊಂಡಿ ಖಾಲಿ. ಅದು ನನ್ನ ಮೊದಲ ಪರೀಕ್ಷೆ. ಅದರ ನೆನಪಿನ ಚಿಪ್ಪನ್ನು ಪ್ರತಿ ಮಾಡಿ ಕಪಾಟಿನಲ್ಲಿಟ್ಟಿದ್ದೆ. ಓದುವ ಅಗತ್ಯ ಬಿದ್ದಿರಲಿಲ್ಲ. ಎಲೆಗಳ ಸಂಖ್ಯೆ ಕೊಂಡಿಗಳಿಂದಲೇ ತಿಳಿದಿತ್ತು.

ಈಗ ಮೂರನೆಯದು. ನಾನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ ಹುಸೇನಸಾಬರು ಏಣಿಯೊಂದಿಗೆ ಬಂದು ನಿಂತಿದ್ದರು. ಬೀಗರನ್ನು ಹಗ್ಗ ಕಟ್ಟಿ ಇಳಿಸುವುದು ಅವರ ಮನೆತನದ ಕೆಲಸ. ಚಾವಣಿ ಕೀಳುವುದೂ ಅವರದೇ. ಹಗ್ಗದ ಜೊತೆಗೆ ಹಾರೆಯೂ ಅವರ ಹೆಗಲ ಮೇಲಿತ್ತು.

“ಉಣ್ಣಾಕ ಬರೂವಾಗ ಬರೀ ಕೈ, ಇವತ್ತು ಹಾರೆ ತಗೊಂಡು ಬಂದೀಯಲ್ಲೋ ಮೇಸ್ತ್ರಿ” ಎಂದರು ನೀಲಗಂಗಮ್ಮನವರು.

“ರೂಢಿ ಅಕ್ಕಾ. ಹಗ್ಗ ಎತ್ತಿದರ ಅದೂ ಕೈಗೆ ಬರತೈತಿ.”

“ಕೈಗೆ ಬುದ್ಧಿ ಹೇಳು. ಸರ್ ಇನ್ನಾ ಮ್ಯಾಲೆ ಹತ್ತಿಲ್ಲ.”

ಹುಸೇನಸಾಬರು ಹಾರೆಯನ್ನು ಗೋಡೆಯ ಆಚೆಗೆ, ಅವರಿಗೆ ಕಾಣದ ಹಾಗೆ ಒರಗಿಸಿದರು.

ಮಾಳಿಗೆಯ ಮೇಲೆ ಕುಳಿತದ್ದು ಬಿಳಿಯ ಬಣ್ಣದ್ದು. ರೆಕ್ಕೆಯ ತುದಿಯಿಂದ ತುದಿಗೆ ಆರು ಮೀಟರ್ ನಲವತ್ತು ಸೆಂಟಿಮೀಟರ್. ತಿರುಪುಗಳ ಮೇಲೆ ನೀಲಿ ಅರಗು. ಮೂತಿಯ ಬಳಿ ಕಡಲ ಹಕ್ಕಿಯ ಚಿತ್ರ. ಕೊಂಡಿಗಳು ಇರಲಿಲ್ಲ, ಇದ್ದು ಕಳಚಿದ ಗುರುತೂ ಇರಲಿಲ್ಲ. ಹೊಟ್ಟೆಯ ಕೆಳಗೆ ಹನ್ನೆರಡು ನಳಿಗೆಗಳಿದ್ದವು, ಎಲ್ಲವೂ ಖಾಲಿ ಇದ್ದಂತೆ ಕಂಡವು. ಆದರೆ ಕೊನೆಯ ನಳಿಗೆಯೊಳಗೆ ಅಂಗೈ ಅಗಲದ ರೇಷ್ಮೆಯ ಕೊಡೆಯೊಂದು ಸಿಕ್ಕಿಕೊಂಡಿತ್ತು, ಅದರ ತುದಿಗೆ ಬೆರಳಿನಷ್ಟು ಉದ್ದದ ಗಾಜಿನ ಮಾಪಕ. ಎತ್ತರದಿಂದ ಕೆಳಗೆ ಬಿಟ್ಟು, ಬೀಳುವ ದಾರಿಯುದ್ದಕ್ಕೂ ಗಾಳಿಯ ವೇಗವನ್ನು ಅಳೆಯುವ ಸಾಧನ ಅದು. ಮೂತಿಯಲ್ಲಿ ತಾಪ, ತೇವ, ಒತ್ತಡಗಳ ಮಾಪಕಗಳಿದ್ದವು. ಹವಾಮಾನದ ಯಂತ್ರ.

ಸುತ್ತಲಿನ ಮಾಳಿಗೆಗಳ ಮೇಲೆ ಜನ ನಿಂತಿದ್ದರು. ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನೀಲಗಂಗಮ್ಮನವರ ತಲೆ ಮಾತ್ರ ಕಾಣುತ್ತಿತ್ತು. ಹಣೆಯ ಮೇಲೆ ಜೋಳದ ಹಿಟ್ಟು ಇತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ನಮೂನೆಯಲ್ಲಿ ಹತ್ತೊಂಬತ್ತು ಅಂಕಣಗಳು ತುಂಬಿದ್ದವು, ಹದಿನೇಳು ಉಳಿದಿದ್ದವು. ನಾನು ತಲೆಯಾಡಿಸಿದೆ.

ಆ ತಲೆಯಾಡಿಸುವಿಕೆಯೇ ನನ್ನ ತಪ್ಪು. ಅವರು ಇಳಿದುಹೋದರು. ಕೆಳಗೆ ಬೆಲ್ಲದ ಉಂಡೆಯನ್ನು ಒಡೆಯುವ ಸದ್ದು ಕೇಳಿತು. ನಾನು ಇಪ್ಪತ್ತೆಂಟನೆಯದೊಂದನ್ನು ಬಿಟ್ಟು ಉಳಿದ ಅಂಕಣಗಳನ್ನು ಮುಗಿಸಿ, ನೆನಪಿನ ಚಿಪ್ಪನ್ನು ಬಿಚ್ಚಿಕೊಂಡು ಇಳಿಯುವಾಗ ಕೇರಿಯ ಮಕ್ಕಳೆಲ್ಲ ಬಾಯಿ ಆಡಿಸುತ್ತಿದ್ದರು. ನೀಲಗಂಗಮ್ಮನವರು ನನ್ನ ಕೈಗೂ ಒಂದು ತುಂಡು ಬೆಲ್ಲ ಇಟ್ಟರು. ನಾನೂ ತಿಂದೆ.

ಪ್ರಮಾಣಪತ್ರವನ್ನು ಮೂರನೆಯ ದಿನ ಬಾಗಿಲಿಗೆ ಅಂಟಿಸಬೇಕು. ಅಷ್ಟರೊಳಗೆ ನೆನಪನ್ನು ಓದಬೇಕೆಂಬುದು ನನ್ನ ಇಪ್ಪತ್ತೆಂಟನೆಯ ಅಂಕಣದ ನಿಯಮ. ಕೊಂಡಿಗಳಿಲ್ಲದ ಯಂತ್ರಗಳ ವಿಷಯದಲ್ಲಿ ನಾನು ಆ ನಿಯಮವನ್ನು ಅಷ್ಟಾಗಿ ಪಾಲಿಸುತ್ತಿರಲಿಲ್ಲ. ಮೊದಲ ಪುಟ ನೋಡಿ ಸಹಿ ಹಾಕುತ್ತಿದ್ದೆ. ಈ ಸಲ ಪೂರ್ತಿ ಓದಿದೆ. ಕಾರಣ ಅನುಮಾನವಲ್ಲ, ಸಂತೋಷ. ನೀಲಗಂಗಮ್ಮನವರ ಮನೆ ಉಳಿಸಿದ ಕಾಗದದಲ್ಲಿ ಒಂದು ಅಂಕಣವೂ ಅರ್ಧಕ್ಕೆ ನಿಲ್ಲಬಾರದು ಎಂದುಕೊಂಡಿದ್ದೆ.

ನೆನಪಿನಲ್ಲಿ ಸಾಲುಗಳಿದ್ದವು. ಪ್ರತಿ ಸಾಲಿನಲ್ಲಿ ಸಮಯ, ಎತ್ತರ, ಗಾಳಿಯ ವೇಗ, ದಿಕ್ಕು. ಕಡಲ ಮೇಲೆ ಹಾರಿದ ಯಂತ್ರ ಎಂದು ಭಾವಿಸಿದ್ದೆ. ಕಡಲು ಎಲ್ಲಿಯೂ ಇರಲಿಲ್ಲ. ಒಂದೇ ಕಣಿವೆಯ ಮೇಲೆ ಎರಡು ವರ್ಷಕ್ಕೂ ಮೇಲ್ಪಟ್ಟು ಸುತ್ತಿತ್ತು. ಕೆಲವು ಸಾಲುಗಳ ಅಂಕಿಗಳನ್ನು ಅದು ಯಾರಿಗೋ ಕಳುಹಿಸಿತ್ತು. ಕಳುಹಿಸಿದ ಅಂತಹ ಪ್ರತಿ ಸಾಲಿನ ಕೊನೆಗೆ, ಆಚೆಯಿಂದ ಮರಳಿ ಬಂದ ಒಂದು ಸಣ್ಣ ಅಡ್ಡಗೆರೆ ಇತ್ತು. ತಲುಪಿತು ಎಂಬುದಕ್ಕೆ ಹವಾಮಾನ ಕೇಂದ್ರ ಕೊಟ್ಟ ಗುರುತು ಇರಬಹುದು ಎಂದು ಮೊದಲು ಎಣಿಸಿದೆ. ಆದರೆ ಅಂಕಿ ಕಳುಹಿಸಿದ್ದಕ್ಕೂ ಗುರುತು ಬಂದದ್ದಕ್ಕೂ ನಡುವೆ ನಲವತ್ತು ಸೆಕೆಂಡು, ಐವತ್ತು ಸೆಕೆಂಡು ಅಂತರವಿತ್ತು. ತಲುಪಿತು ಎಂದು ಹೇಳಲು ಅಷ್ಟು ಹೊತ್ತು ಬೇಡ.

ನೀಲಿ ದೇಶದ ಕಪಾಟು ತೆರೆದು, ಎರಡು ವರ್ಷಗಳ ಹಿಂದೆ ಅದೇ ಮಾಳಿಗೆಗೆ ಬಂದಿದ್ದ ಯಂತ್ರದ ಪ್ರತಿಯನ್ನು ಹೊರತೆಗೆದೆ. ಅದು ನಾಲ್ಕು ಸಲ ಕೊಂಡಿ ಬಿಚ್ಚಿತ್ತು. ಪ್ರತಿ ಸಲ ಬಿಚ್ಚುವ ಮುನ್ನ ಎಲ್ಲಿಂದಲೋ ಗಾಳಿಯ ವೇಗವನ್ನು ಕೇಳಿ ಪಡೆದಿತ್ತು. ಆ ನಾಲ್ಕು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದೆ. ಬಿಳಿಯ ಯಂತ್ರದ ನೆನಪಿನಲ್ಲಿ ಅದೇ ದಿನಾಂಕಗಳನ್ನು ಹುಡುಕಿದೆ. ನಾಲ್ಕೂ ಇದ್ದವು. ಸೆಕೆಂಡು ಸೆಕೆಂಡಿಗೆ, ದಶಮಾಂಶದ ಎರಡನೆಯ ಸ್ಥಾನದವರೆಗೆ ಒಂದೇ. ಇದು ಗಾಳಿ ಹೇಳಿತ್ತು, ಅದು ಬಿಟ್ಟಿತ್ತು, ಬಿಟ್ಟದ್ದು ನೆಲ ಮುಟ್ಟಿದಾಗ ಅಡ್ಡಗೆರೆ ಬಂದಿತ್ತು. ಇದರ ನೆನಪಿನಲ್ಲಿ ಅಂತಹ ಅಡ್ಡಗೆರೆಗಳು ಇನ್ನೂರ ಹದಿಮೂರು. ಮೂರು ಸಲ ಎಣಿಸಿದೆ. ನಾನು ತಿಂದಿದ್ದ ಬೆಲ್ಲದ ರುಚಿ ಎಲ್ಲಿಯೂ ಉಳಿದಿರಲಿಲ್ಲ, ಆದರೂ ಹೋಗಿ ಬಾಯಿ ಮುಕ್ಕಳಿಸಿದೆ.

ಮರುದಿನ ಮಧ್ಯಾಹ್ನ, ಊಟದವರೆಲ್ಲ ಎದ್ದುಹೋದ ಮೇಲೆ ಖಾನಾವಳಿಗೆ ಹೋದೆ. ನೀಲಗಂಗಮ್ಮನವರು ಎಂಜಲು ಬಳಿದ ನೆಲವನ್ನು ಒರೆಸುತ್ತಿದ್ದರು. ನನಗೆ ಊಟ ಬೇಡವೆಂದಾಗ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟು ಕುಳಿತರು. ನಾನು ನಡೆದದ್ದನ್ನು ಕ್ರಮವಾಗಿ ಹೇಳಿದೆ. ಸಮಯದ ಅಂತರವನ್ನೂ ದಶಮಾಂಶದ ಸ್ಥಾನಗಳನ್ನೂ ಬಿಡಲಿಲ್ಲ. ಅವರು ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಕೇಳಿದರು:

“ಅಂದರ ಇದೂ ಕೊಂದು ಬಂದದ್ದ?”

“ಕೊಂಡಿ ಬಿಚ್ಚಲಿಲ್ಲ. ಗಾಳಿ ಎಷ್ಟು ಬೀಸುತ್ತಿದೆ ಎಂದು ಹೇಳಿತು.”

“ಅದನ್ನ ಕೇಳಲಿಲ್ಲರಿ ನಾನು.”

ಆಗ ನಾನು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಿದೆ. ಊರಿನ ನಿಯಮ ಕೇಳುವುದು ಕೊಂಡಿಗಳನ್ನು ಮಾತ್ರ. ಕೊಂಡಿಗಳು ಸೊನ್ನೆ. ಸಂಶೋಧನೆ ಎಂದು ಬರೆದರೆ ಕಾಗದದಲ್ಲಿ ಒಂದಕ್ಷರವೂ ಸುಳ್ಳಾಗುವುದಿಲ್ಲ. ನೆನಪನ್ನು ಓದುವ ಪದ್ಧತಿ ನನ್ನದೇ ಹೊರತು ಊರಿನದಲ್ಲ. ಈ ವಿಷಯ ನನ್ನನ್ನು ಬಿಟ್ಟು ಯಾರಿಗೂ ತಿಳಿದಿಲ್ಲ.

“ಈಗ ನನಗೂ ಗೊತ್ತಾತಲ್ರಿ” ಎಂದರು. “ನನಗ ಹೇಳದ ಬರೆದಿದ್ದರ ಆಗತಿರಲಿಲ್ಲೇನು? ಒಬ್ಬರ ತಲಿ ಮ್ಯಾಲೆ ಇದ್ದ ಕಲ್ಲು ಈಗ ಇಬ್ಬರ ತಲಿ ಮ್ಯಾಲೆ.”

“ತಪ್ಪಾಯಿತು.”

“ತಪ್ಪು ನಿಮ್ಮದಲ್ಲ. ನಾನ ಗಡಬಡಿಸಿ ಬೆಲ್ಲ ಒಡದೆ.” ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದರು. “ಸತ್ತವರ ಹೆಸರಿನ್ಯಾಗ ಬೆಲ್ಲ ಹಂಚಿದಂಗಾತು. ಅಷ್ಟು ಹುಡುಗರಿಗೆ ತಿನ್ನಿಸಿಬಿಟ್ಟೆ.”

ಹೊರಗೆ ಯಾರೋ ಫರಸಿ ತುಂಬಿದ ಗಾಡಿ ಎಳೆದುಕೊಂಡು ಹೋದರು. ನೀಲಗಂಗಮ್ಮನವರು ಹಿಂಡಿಟ್ಟ ಬಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

“ಸಂಶೋಧನೆ ಅಂತನ ಬರೀರಿ” ಎಂದರು. “ಇಲ್ಲಿ ದಿನಾ ಅರವತ್ತು ಮಂದಿ ಉಣ್ತಾರ. ನಾ ಗಣಿಗೆ ಹೋದರ ಅವರು ಎಲ್ಲಿಗೆ ಹೋಗಬೇಕು? ಈ ಮನಿ ನನ್ನ ಕೈಯಾಗಿನ ದುಡಿಮಿ, ಸರ. ಒಂದೊಂದು ಫರಸಿ ನಾನ ಹೊತ್ತು ಹಾಕಿಸೀನಿ. ಕಾಗದ ಹಂಗ ಇರಲಿ. ಸೂತಕ ನಾ ಹಿಡೀತೀನಿ. ಒಲಿ ಹೊತ್ತಸ್ತೀನಿ ಖರೆ, ಅದರ ಮ್ಯಾಲಿಂದು ನಾ ತಿನ್ನೂದಿಲ್ಲ. ಹನ್ನೊಂದನೇ ದಿನಕ್ಕ ಬಾಗಲಾ ಹಾಕಿಕೊಂಡು ಎಲಿ ಹಾಕ್ತೀನಿ. ಎಷ್ಟು ಅಂದ್ರಿ?”

“ಇನ್ನೂರ ಒಂಬತ್ತು.”

“ಮೊದಲ ಹದಿಮೂರು ಅಂದಿದ್ರಿ.”

“ಅದರಲ್ಲಿ ನಾಲ್ವರಿಗೆ ನೀವು ಎರಡು ವರ್ಷದ ಹಿಂದೆಯೇ ಎಲೆ ಹಾಕಿದ್ದೀರಿ. ಕಳೆಯಬೇಕು.”

ನೀಲಗಂಗಮ್ಮನವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟಿನಿಂದಲ್ಲ, ಖಾನಾವಳಿಯಲ್ಲಿ ಯಾರಾದರೂ ಅರ್ಧ ರೊಟ್ಟಿ ಬಿಟ್ಟು ಎದ್ದಾಗ ನೋಡುವ ಹಾಗೆ. “ಎರಡು ವರ್ಷದ ಹಿಂದ ಉಂಡವರಿಗೆ ಈಗ ಹಸಿವಿ ಇರೂದಿಲ್ಲೇನ್ರಿ, ಸರ?” ಎಂದರು. “ಹದಿಮೂರ ಇರಲಿ.”

ಪ್ರಮಾಣಪತ್ರ ಬಾಗಿಲಿಗೆ ಅಂಟಿತು. ಹುಸೇನಸಾಬರು ಬಿಳಿಯ ಯಂತ್ರವನ್ನು ಹಗ್ಗ ಕಟ್ಟಿ ಇಳಿಸಿ ಒಯ್ದರು. ಅಲ್ಲಿಂದ ಮುಂದಿನ ದಿನಗಳು ನನಗೆ ಬಹಳ ನಿಧಾನವಾಗಿ ಸರಿದವು. ಬಹಿರಂಗ ಸೂತಕವಾಗಿದ್ದರೆ ನೆರೆಮನೆಗಳಿಂದ ಊಟ ಬರುತ್ತಿತ್ತು. ಇದು ಯಾರಿಗೂ ತಿಳಿಯದ್ದು, ಏನೂ ಬರುವಂತಿರಲಿಲ್ಲ. ನಾನು ಕಚೇರಿಯ ಚೀಲದಲ್ಲಿ, ನಮೂನೆಗಳ ಕೆಳಗೆ, ಚುರುಮುರಿ ಮತ್ತು ಬಾಳೆಹಣ್ಣು ಇಟ್ಟುಕೊಂಡು ಹೋಗುತ್ತಿದ್ದೆ. ಅರವತ್ತು ಜನಕ್ಕೆ ಬಿಸಿರೊಟ್ಟಿ ಬಡಿಸಿ, ಅವರು ಒಳಗಿನ ಕತ್ತಲೆ ಕೋಣೆಯಲ್ಲಿ ನಿಂತುಕೊಂಡೇ ಚುರುಮುರಿ ತಿನ್ನುತ್ತಿದ್ದರು. “ಅಕ್ಕ ಬಡವಾಗ್ಯಾಳ” ಎಂದು ಒಬ್ಬ ಕೆಲಸಗಾರ ಹೇಳಿದ. “ನಿಮ್ಮಂಥವರ ಹೊಟ್ಟಿ ತುಂಬಸೂದರಾಗ ಬಡವಾಗದ ಮತ್ತೇನು ದಪ್ಪ ಆಗ್ಲೇನು” ಎಂದು ಅವರು ತಿರುಗಿ ಹೇಳಿದರು. ಎಲ್ಲರೂ ನಕ್ಕರು. ನಾನು ತಾಟಿನ ಮೇಲೆ ಬಗ್ಗಿದೆ.

ಕೋಣೆಯೊಳಗೆ ಒಂದು ಸಲಕ್ಕೆ ನಲವತ್ತು ಎಲೆ ಹಿಡಿಯುತ್ತವೆ ಎಂದು ನಾನು ಅಳತೆ ಮಾಡಿ ಹೇಳಿದ್ದೆ. ಐದು ಪಂಕ್ತಿ, ಆಮೇಲೆ ಹದಿಮೂರು. ಬಾಗಿಲು ಹಾಕಿಕೊಂಡರೆ ಬೆಳಗಿನ ಹೊತ್ತಿಗೆ ಮುಗಿಸಬಹುದು. ಅವರು ಒಪ್ಪಿದ್ದರು.

ಹನ್ನೊಂದನೆಯ ದಿನ ಕಚೇರಿಯ ಬಾಗಿಲು ತೆರೆದು ಇನ್ನೂ ಕುಳಿತಿರಲಿಲ್ಲ, ಹುಸೇನಸಾಬರು ಬಂದರು. ಹಾರೆ ಕೈಯಲ್ಲಿರಲಿಲ್ಲ.

“ಸರ, ಅಕ್ಕನ ಮಾಳಿಗಿ ನೋಡೀರೇನು?”

“ಯಾಕೆ?”

“ಬರ್ರಿ.”

ಏಣಿ ಮೊದಲೇ ಒರಗಿಸಿತ್ತು. ಮೇಲೆ ಹತ್ತಿದಾಗ ನನಗೆ ಮೊದಲು ಕಂಡದ್ದು ಹಸಿರು. ಇಡೀ ಮಾಳಿಗೆಯ ತುಂಬ ಮುತ್ತುಗದ ಎಲೆಗಳು, ಸಾಲು ಸಾಲಾಗಿ, ಗಾಳಿಗೆ ಹಾರದಂತೆ ಅಂಚಿಗೊಂದು ಕಲ್ಲಿನ ಚೂರು. ಪ್ರತಿ ಎಲೆಯ ಮೇಲೂ ಅನ್ನ, ಬೇಳೆ, ಒಂದು ಚಿಟಿಕೆ ಉಪ್ಪು. ನೀಲಗಂಗಮ್ಮನವರು ಕೊನೆಯ ಸಾಲಿಗೆ ಬಡಿಸುತ್ತ ಬಗ್ಗಿದ್ದರು. ಸುತ್ತಲಿನ ಮಾಳಿಗೆಗಳ ಮೇಲೆ ಊರಿನ ಜನ ನಿಂತಿದ್ದರು. ಎಲೆ ಹಾಕುವುದರ ಅರ್ಥ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: “ಒಳಗೆ ಐದು ಪಂಕ್ತಿ ಎಂದು ಮಾತಾಗಿತ್ತಲ್ಲ?”

ಅವರು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. “ಮೊದಲನೆ ಪಂಕ್ತಿ ಬಡಿಸಿದ್ನಿರಿ. ಇನ್ನ ಆ ಎಲಿ ಎತ್ತಿ ಎರಡನೇದ್ದು ಹಾಕಬೇಕು. ಎತ್ತಾಕ ಕೈ ಬರಲಿಲ್ಲ. ಮೂವತ್ತು ವರ್ಷದಿಂದ ಒಬ್ಬರನ್ನ ಎಬ್ಬಿಸಿ ಒಬ್ಬರನ್ನ ಕೂಡ್ರಿಸೀನಿ. ಅವರು ಕೆಲಸಕ್ಕ ಹೊಂಟವರು, ಏಳ್ತಾರ. ಇವರನ್ನ ಏಳ್ರಿ ಅಂತ ಹೆಂಗ ಅನ್ನಲಿ? ಎಲ್ಲಿಗೆ ಹೋಗ್ರಿ ಅನ್ನಲಿ?”

ನಾನು ಎಲೆಗಳ ಸಾಲುಗಳ ಕಡೆ ತಿರುಗಿದೆ.

“ಎಲ್ಲಾರಿಗೂ ಒಂದ ಸಲಕ್ಕ ಜಾಗಾ ಆಗೂದು ಇದೊಂದ” ಎಂದು ಅವರು ಮಾಳಿಗೆಯನ್ನು ತೋರಿಸಿದರು. “ಎಣಿಸ್ರಿ. ತಪ್ಪಿದ್ದರ ಹೇಳ್ರಿ, ಅನ್ನ ಇನ್ನಾ ಐತಿ.”

ಎಣಿಸಿದೆ. ಇನ್ನೂರ ಹದಿಮೂರು.

ಹುಸೇನಸಾಬರು ಏಣಿಯ ಬಳಿಯೇ ನಿಂತಿದ್ದರು. ಅವರು ನನ್ನನ್ನು ಉದ್ದೇಶಿಸಿ, ಆದರೆ ಎಲ್ಲರಿಗೂ ಕೇಳುವಂತೆ, ಶಾಂತವಾಗಿ ಹೇಳಿದರು: “ಸರ, ಕೆಳಗ ಬಾಗಲದಾಗಿನ ಕಾಗದ ಒಂದು ಹೇಳತೈತಿ. ಮಾಳಿಗಿ ಒಂದು ಹೇಳತೈತಿ. ನಾ ಓದಾಕ ಬರದವ. ಯಾವುದನ್ನ ನಂಬಿ ಕೆಲಸಾ ಮಾಡಲಿ, ನೀವ ಹೇಳ್ರಿ.”

ಕಾಗದವನ್ನು ನಂಬಿ ಎನ್ನಬಹುದಿತ್ತು. ಅವರು ಅದನ್ನೇ ಬಯಸಿದ್ದರು ಎಂದು ಈಗಲೂ ನನಗನ್ನಿಸುತ್ತದೆ. ಹಾರೆ ತಾರದೆ ಬಂದಿದ್ದರು. ಹಾಗೆ ಹೇಳಿದ್ದರೆ ಊರು ಒಪ್ಪುತ್ತಿತ್ತು. ಹೆಂಗಸಿಗೆ ಎರಡು ಸೂತಕದ ಹೆದರಿಕೆಯಿಂದ ತಲೆ ಕೆಟ್ಟಿದೆ ಎಂದುಕೊಂಡು ಜನ ಇಳಿದುಹೋಗುತ್ತಿದ್ದರು. ಮನೆ ಉಳಿಯುತ್ತಿತ್ತು, ಎಲೆಗಳು ಹುಚ್ಚಿನ ಲೆಕ್ಕಕ್ಕೆ ಹೋಗುತ್ತಿದ್ದವು. ನಾನು ನೀಲಗಂಗಮ್ಮನವರ ಕಡೆ ನೋಡಿದೆ. ಅವರು ಸೌಟನ್ನು ಪಾತ್ರೆಯೊಳಗೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಈ ಸಲ ಅವರು ನನ್ನ ತಲೆಯ ಅಲುಗಾಟಕ್ಕೆ ಕಾಯುತ್ತಿರಲಿಲ್ಲ.

ಕೆಳಗಿಳಿದು ಬಾಗಿಲಿನ ಕಾಗದವನ್ನು ಹರಿಯದಂತೆ ಬಿಡಿಸಿದೆ. ಸಂಶೋಧನೆ ಎಂಬ ಪದದ ಮೇಲೆ ಗೆರೆ ಎಳೆದೆ. ಕೊಂಡಿಗಳ ಅಂಕಣದಲ್ಲಿ ಸೊನ್ನೆಯನ್ನು ಹಾಗೆಯೇ ಬಿಟ್ಟು, ಎಲೆಗಳ ಅಂಕಣದಲ್ಲಿ ಇನ್ನೂರ ಹದಿಮೂರು ಎಂದು ಬರೆದೆ. ಸೊನ್ನೆಯಿಂದ ಆ ಸಂಖ್ಯೆ ಹೇಗೆ ಬಂತು ಎಂಬುದನ್ನು ಬರೆಯಲು ನನ್ನ ಮೂವತ್ತಾರು ಅಂಕಣಗಳಲ್ಲಿ ಎಲ್ಲಿಯೂ ಸ್ಥಳವಿರಲಿಲ್ಲ. ಕಾಗದದ ಹಿಂಬದಿಗೆ ಬರೆದು, ಬೀದಿಯಲ್ಲಿ ನಿಂತು ಜೋರಾಗಿ ಓದಿದೆ. ಓದು ಮುಗಿದಾಗ ಎದುರು ಮನೆಯ ತಾಯಿಯೊಬ್ಬಳು ತನ್ನ ಮಗಳ ಬಾಯನ್ನು ಸೆರಗಿನಿಂದ ಒರೆಸಿದಳು. ಬೆಲ್ಲ ತಿಂದು ಹನ್ನೊಂದು ದಿನಗಳಾಗಿದ್ದವು.

ಎಲೆಗಳ ಮೇಲಿನ ಅನ್ನ ಒಣಗುವ ತನಕ ಕಾಯುವುದು ಪದ್ಧತಿ. ಹುಸೇನಸಾಬರು ಮರುದಿನ ಮಧ್ಯಾಹ್ನದವರೆಗೂ ಕಾದರು. ಆಮೇಲೆ ಹಾರೆ ತಂದರು. ಚಾವಣಿಯಲ್ಲಿ ಎಪ್ಪತ್ತೆರಡು ಫರಸಿಗಳಿದ್ದವು. ಅಲ್ಲಿ ದಿನವೂ ಉಣ್ಣುತ್ತಿದ್ದ ಕೆಲಸಗಾರರೇ ಒಂದೊಂದನ್ನು ಇಬ್ಬಿಬ್ಬರು ಹಿಡಿದು ಇಳಿಸಿದರು; ಒಂದೂ ಒಡೆಯಲಿಲ್ಲ. ಒಲೆಯ ಮೇಲಿನ ಫರಸಿ ಎದ್ದಾಗ ಮೂವತ್ತು ವರ್ಷದ ಹೊಗೆಯ ಮಸಿ ಬಿಸಿಲಿಗೆ ಬಿದ್ದಿತು. ನೀಲಗಂಗಮ್ಮನವರು ಹಂಚು, ಹಿಟ್ಟು ನಾದುವ ಕೊಣಮಿಗೆ, ಎರಡು ಚೀಲ ಜೋಳ ಗಾಡಿಗೆ ಹೇರಿಸಿ ಗಣಿಯ ಕಡೆಗೆ ನಡೆದರು. ಹಿಂತಿರುಗಿ ನೋಡಿದರೋ ಇಲ್ಲವೋ ನಾನು ಗಮನಿಸಲಿಲ್ಲ. ಫರಸಿಗಳನ್ನು ಎಣಿಸುತ್ತಿದ್ದೆ.

ಗಣಿ ಊರಿನಿಂದ ಎರಡೂವರೆ ಕಿಲೋಮೀಟರ್. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿಬರಲು ಸಮಯ ಸಾಲುವುದಿಲ್ಲ ಎಂದು ಅರ್ಧದಷ್ಟು ಜನ ಬೇರೆ ಕಡೆ ಉಣ್ಣತೊಡಗಿದರು. ನಾನು ನಾಲ್ಕನೆಯ ದಿನ ಹೋದೆ. ಬಂಡೆಯ ಅಡಿಯಲ್ಲಿ ಎಂಟನೆಯ ಒಲೆ ಹೊತ್ತಿತ್ತು. ಅಲ್ಲಿ ಹೊಗೆಗೆ ಹೊರದಾರಿಯಿಲ್ಲ. ಅವರ ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು ತಾಟು ಇಟ್ಟು, ಎರಡು ರೊಟ್ಟಿ, ಪುಂಡಿಪಲ್ಯ ಬಡಿಸಿದರು.

ನಾನು ಮೊದಲ ರೊಟ್ಟಿ ಮುಗಿಸುವಾಗ ಕೇಳಿದರು: “ನೀವು ಬಂದ ಮ್ಯಾಲೆ ಊರಾಗ ಬೆಲ್ಲ ಹಂಚಿದ ಮನಿ ಎಷ್ಟದಾವ್ರಿ, ಸರ?”

“ನಿಮ್ಮದನ್ನು ಬಿಟ್ಟು ಮೂವತ್ತೊಂದು.”

“ಅವನ್ನೆಲ್ಲಾ ಪೂರಾ ಓದೀರೇನು?”

“ಇಲ್ಲ. ಮೊದಲ ಪುಟ ಮಾತ್ರ.”

ಅವರು ಒಲೆಯೊಳಗಿನ ಕಟ್ಟಿಗೆಯನ್ನು ಮುಂದಕ್ಕೆ ದೂಡಿದರು. ಇನ್ನೊಂದು ರೊಟ್ಟಿಯನ್ನು ಹಂಚಿನಿಂದ ತೆಗೆದು, ನಾನು ಬೇಡವೆನ್ನುವ ಮೊದಲೇ ತಾಟಿಗೆ ಹಾಕಿದರು.

“ತಿನ್ರಿ. ಅಷ್ಟು ಓದೂದು ಖಾಲಿ ಹೊಟ್ಟೀಲೆ ಆಗೂದಿಲ್ಲ.”

ತಿಂದೆ. ಮೂರು ಗಂಟೆಗೆ ಕಚೇರಿಗೆ ಹಿಂತಿರುಗಿ, ಇಂಚಿನ ದೇಶದ ಕಪಾಟಿನಿಂದ ಅತ್ಯಂತ ಹಳೆಯ ಕಡತವನ್ನು ತೆಗೆದು ದಾರ ಬಿಚ್ಚಿದೆ. ತಿಮಿಂಗಿಲಗಳು ನೀರಿನಿಂದ ಮೇಲೆದ್ದು ಉಸಿರು ಬಿಡುವಾಗ ಆ ಉಸಿರನ್ನು ಹಿಡಿದು ತರಲು ಹೋಗಿದ್ದ ಪುಟ್ಟ ಯಂತ್ರ ಅದು. ಮೊದಲ ಸಾಲಿನ ಕೊನೆಗೆ ಅಡ್ಡಗೆರೆ ಇರಲಿಲ್ಲ. ಎರಡನೆಯ ಸಾಲಿನ ಕೊನೆಗೂ ಇರಲಿಲ್ಲ. ಒಟ್ಟು ಆರು ಸಾವಿರದ ನಾನೂರು ಸಾಲುಗಳಿದ್ದವು.